ಚಿತ್ರಕಲೆಯ ತಾಸೂ ಗಣಕಯಂತ್ರದ ವಿದ್ಯೆಯೂ



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕ ಲೇಖನವು ಸಾಮಾನ್ಯವಾಗಿ ಪರೀಕ್ಷೆಯ ಫಲಿತಾಂಶವನ್ನೂ ಉಪಕಾರಿಗಳ ಸ್ಮರಣೆಯನ್ನೂ ಒಳಗೊಂಡಿರುವದು. ಅವೆರಡೂ ವಾರ್ಷಿಕ ವರದಿಯಲ್ಲಿ ಬಂದಿರುವ ಕಾರಣ, ನಾನು ಇಲ್ಲಿ ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸುವೆನು. ಮೂರು ವರ್ಷಗಳ ಹಿಂದೆ ಒಂಬತ್ತನೆಯ ಮತ್ತು ಹತ್ತನೆಯ ವರ್ಗಗಳ ಚಿತ್ರಕಲೆಯ ಹಾಗೂ ಹೊಲಿಗೆಯ ತಾಸುಗಳನ್ನು ತೆಗೆದು ಗಣಿತಕ್ಕೆ ಕೊಟ್ಟವಳು ನಾನೇ. ಪಾಲಕರಲ್ಲಿ ಅನೇಕರು ಇದಕ್ಕಾಗಿ ನನ್ನನ್ನು ಹೊಗಳಿದರು. ಆ ಹೊಗಳಿಕೆಯನ್ನು ಈಗ ಹಿಂದಿರುಗಿಸಬೇಕಾಗಿದೆ.

ಅದಕ್ಕೂ ಮುಂಚೆ, ಸಿಂದಗಿ ತಾಲೂಕಿನ ಹಳ್ಳಿಯಿಂದ ಬಂದು ನಮ್ಮ ವಸತಿಗೃಹದಲ್ಲಿದ್ದ ಒಬ್ಬ ವಿದ್ಯಾರ್ಥಿನಿಯು, ಹತ್ತನೆಯ ವರ್ಗವು ಮುಗಿಯುವ ಸಮಯದಲ್ಲಿ, ತಾನು ಡಿಸೈನ್ ವಿದ್ಯೆಯನ್ನು ಕಲಿಯಬೇಕೆಂದಿರುವೆನೆಂದು ನನ್ನೆದುರಿಗೆ ಹೇಳಿದ್ದಳು. ಶಿಕ್ಷಕಿಯ ತರಬೇತಿಯೋ ದಾದಿಯ ವಿದ್ಯೆಯೋ ಹೆಣ್ಣುಮಗಳಿಗೆ ಆಧಾರವೆಂದೂ, ಚಿತ್ರ ಬರೆದು ಹೊಟ್ಟೆ ತುಂಬದೆಂದೂ ನಾನು ಬುದ್ಧಿ ಹೇಳಿ ಕಳುಹಿಸಿದೆನು. ಪುಣ್ಯಕ್ಕೆ ಅವಳು ಕೇಳಲಿಲ್ಲ. ಕಳೆದ ದೀಪಾವಳಿಯ ರಜೆಯಲ್ಲಿ ಬೆಂಗಳೂರಿನಿಂದ ಬಂದವಳು ನನ್ನ ಮೇಜಿನ ಮೇಲೆ ಒಂದು ಕಟ್ಟು ಕಾಗದವನ್ನಿಟ್ಟಳು. ಅಂಗೈಯಗಲದ ಚೀಟಿಗಳು, ಒಂದೊಂದರ ಮೇಲೂ ಸೀಸದ ಕಡ್ಡಿಯಿಂದ ಮೊಬೈಲಿನ ಒಂದೊಂದು ಪರದೆಯನ್ನು ಬರೆದಿದ್ದಳು. ನಮ್ಮ ವಸತಿಗೃಹದ ಅಡಿಗೆಯವಳನ್ನು ಕರೆದು, ಮೊದಲನೆಯ ಚೀಟಿಯನ್ನು ಮುಂದಿಟ್ಟು, “ಮೊಮ್ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕು, ಎಲ್ಲಿ ಒತ್ತುವಿ?” ಎಂದು ಕೇಳಿದಳು. ಅವಳ ಬೆರಳು ಎಲ್ಲಿ ಹೋಯಿತೋ ಅದಕ್ಕೆ ತಕ್ಕಂತೆ ಚೀಟಿಯನ್ನು ಕೈಯಿಂದಲೇ ಬದಲಿಸಿದಳು. ನಾಲ್ಕನೆಯ ಚೀಟಿಗೆ ಅಡಿಗೆಯವಳು ತಡವರಿಸಿ ನಿಂತಳು. ನನ್ನ ಹಳೆಯ ವಿದ್ಯಾರ್ಥಿನಿಯು ಅವಳನ್ನು ತಿದ್ದಲಿಲ್ಲ. ಆ ಚೀಟಿಯ ಮೂಲೆಯಲ್ಲಿ ಒಂದು ಗುರುತು ಹಾಕಿಕೊಂಡು, ತಪ್ಪು ತನ್ನದೆಂದಳು. ಇಪ್ಪತ್ತು ವರ್ಷ ಪಾಠ ಹೇಳಿದ ನಾನು ಎಷ್ಟು ಸಾರಿ ಹಾಗೆ ಅಂದಿರುವೆನೆಂದು ಆ ರಾತ್ರಿ ಯೋಚಿಸಿದೆನು.

ಈ ವಿದ್ಯೆಗೆ ಇಂಟರ್‌ಆ್ಯಕ್ಷನ್ ಡಿಸೈನ್ ಎಂದು ಹೆಸರು. ಯಂತ್ರಕ್ಕೂ ಮನುಷ್ಯನಿಗೂ ನಡುವೆ ನಡೆಯುವ ಮಾತುಕತೆಯನ್ನು ರೂಪಿಸುವದೇ ಇದರ ಕೆಲಸ. 1980ರ ದಶಕದಲ್ಲಿ ಬಿಲ್ ಮೊಗ್ರಿಜ್, ಬಿಲ್ ವರ್‌ಪ್ಲ್ಯಾಂಕ್ ಎಂಬವರು ಆ ಹೆಸರನ್ನು ಬಳಕೆಗೆ ತಂದರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಇದಕ್ಕಾಗಿ ವಿಭಾಗವನ್ನು ಕಟ್ಟಿ, 2001ರಲ್ಲಿ ಇಟಲಿಯ ಇವ್ರೇಯಾ ಪಟ್ಟಣದಲ್ಲಿ ಇದಕ್ಕೇ ಮೀಸಲಾದ ಸಂಸ್ಥೆಯ ಮೊದಲ ಮುಖ್ಯಸ್ಥೆಯಾದವರು ಗಿಲಿಯನ್ ಕ್ರ್ಯಾಂಪ್ಟನ್ ಸ್ಮಿತ್ ಎಂಬ ಸ್ತ್ರೀಯೆಂಬುದನ್ನು ನಮ್ಮ ಹುಡುಗಿಯರು ಗಮನಿಸತಕ್ಕದ್ದು. ನಮ್ಮ ದೇಶದಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು 1961ರಲ್ಲಿಯೂ, ಮುಂಬಯಿಯ ಐ.ಐ.ಟಿ.ಯ ವಿನ್ಯಾಸ ಕೇಂದ್ರವು 1969ರಲ್ಲಿಯೂ ಹುಟ್ಟಿದವು. ಮೊದಲನೆಯದರ ಒಂದು ಆವರಣವು ಬೆಂಗಳೂರಿನಲ್ಲಿಯೇ ಇರುವದು. 1996ರಲ್ಲಿ ಆರಂಭವಾದ ಸೃಷ್ಟಿ ಸಂಸ್ಥೆಯೂ ಅಲ್ಲಿಯೇ.

ಇಂಥ ಕಡೆಗಳಲ್ಲಿ ಕಲಿಸುವ ರೀತಿಗೆ ಸ್ಟುಡಿಯೋ ಪದ್ಧತಿ ಎನ್ನುವರು. ಉಪನ್ಯಾಸವು ಕಡಿಮೆ. ಒಂದು ಸಮಸ್ಯೆಯನ್ನು ಕೊಟ್ಟು ವಾರಗಟ್ಟಲೆ ಅದರಲ್ಲಿಯೇ ಇರಿಸುವರು. ವಿದ್ಯಾರ್ಥಿಗಳು ಹೊರಗೆ ಹೋಗಿ ಜನರನ್ನು ನೋಡಿ, ಬರೆದು, ಮಾದರಿ ಮಾಡಿ, ಅದನ್ನು ಗೋಡೆಗೆ ಅಂಟಿಸಿ ನಿಲ್ಲುವರು. ಗುರುಗಳೂ ಸಹಪಾಠಿಗಳೂ ಎಲ್ಲರೆದುರಿಗೆ ಗುಣದೋಷಗಳನ್ನು ಎತ್ತಿ ಹೇಳುವರು. ಮರುದಿನ ಮತ್ತೆ ಮೊದಲಿನಿಂದ. ಇದು ವಿದೇಶದ ಹೊಸ ಬೆಡಗೆಂದು ಯಾರೂ ತಿಳಿಯಬಾರದು. ಶಿಕ್ಷಕರ ತರಬೇತಿ ಪಡೆದವರೆಲ್ಲರಿಗೂ ವಿಮರ್ಶಾ ಪಾಠವೆಂಬುದು ಜ್ಞಾಪಕವಿರುವದು. ನಾವು ಪಾಠ ಹೇಳುವಾಗ ಹಿಂದಿನ ಬೆಂಚಿನಲ್ಲಿ ಗುರುಗಳೂ ಜೊತೆಯವರೂ ಪುಸ್ತಕ ಹಿಡಿದು ಕೂತು ಪ್ರತಿಯೊಂದು ತಪ್ಪನ್ನು ಬರೆದುಕೊಳ್ಳುತ್ತಿದ್ದರು. ಕರಿಹಲಗೆಗೆ ಬೆನ್ನು ಮಾಡಿ ನಿಲ್ಲದೆ ಬರೆಯುವದನ್ನು ನಾನು ಯಾವ ಗ್ರಂಥದಿಂದಲೂ ಕಲಿಯಲಿಲ್ಲ, ಅತ್ತು ಕಲಿತೆನು.

ಆದರೆ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹುಡುಗಿಗೆ ಇದರಿಂದ ಏನು ಪ್ರಯೋಜನವೆಂದು ಕೇಳುವವರಿಗೆ ನನ್ನ ಕಚೇರಿಯಲ್ಲಿ ಪ್ರತಿ ವರ್ಷ ನಡೆಯುವದನ್ನು ಹೇಳುವೆನು. ವಿದ್ಯಾರ್ಥಿವೇತನದ ಅರ್ಜಿಯನ್ನು ಗಣಕಯಂತ್ರದಲ್ಲಿ ತುಂಬುವಾಗ ಗುಪ್ತ ಸಂಖ್ಯೆಯೊಂದು ತಂದೆಯ ಮೊಬೈಲಿಗೆ ಹೋಗುವದು. ತಂದೆಯಾದರೋ ದುಡಿಮೆಗಾಗಿ ಗೋವೆಗೋ ಮಹಾರಾಷ್ಟ್ರಕ್ಕೋ ಹೋಗಿರುವನು. ಕೆಲಸದ ವೇಳೆಯಲ್ಲಿ ಮೊಬೈಲು ಅವನ ಗುಡಿಸಲಿನಲ್ಲಿ. ಹತ್ತು ನಿಮಿಷ ಕಳೆಯಿತೆಂದು ಯಂತ್ರವು ತುಂಬಿದ್ದನ್ನೆಲ್ಲ ಅಳಿಸಿಬಿಡುವದು. ಮತ್ತೊಂದು ಸಾರಿ, ಹೆಸರು ಮೊದಲೋ ಅಡ್ಡಹೆಸರು ಮೊದಲೋ ಎಂಬ ಗೊಂದಲದಿಂದ ಶಾಲೆಯ ದಾಖಲೆಗೂ ಆಧಾರ್ ಚೀಟಿಗೂ ತಾಳೆಯಾಗದೆ ಅರ್ಜಿಯು ತಿರಸ್ಕೃತವಾಗುವದು; ಕಾರಣವನ್ನು ಇಂಗ್ಲಿಷಿನ ಎರಡು ಶಬ್ದಗಳಲ್ಲಿ ಕೆಂಪು ಬಣ್ಣದಿಂದ ತೋರಿಸುವದು. ಹಣ ಬಾರದೆ ವಸತಿಗೃಹ ಬಿಟ್ಟುಹೋದ ಹುಡುಗಿಯ ಖಾಲಿ ಮಂಚವನ್ನು ನಾನು ನೋಡಿರುವೆನು. ಆ ಪರದೆಯನ್ನು ರೂಪಿಸಿದವನು ಕೆಟ್ಟವನಲ್ಲ. ತಂದೆಯು ಗೋವೆಯಲ್ಲಿರುವನೆಂಬುದು ಅವನಿಗೆ ತಿಳಿಯದು, ಅಷ್ಟೇ.

ತಿಳಿದು ಮಾಡಿದಾಗ ಏನಾಗುವದೆಂಬುದಕ್ಕೂ ನಮ್ಮ ನಾಡಿನಲ್ಲಿಯೇ ದೃಷ್ಟಾಂತವಿದೆ. 2001ರ ಸುಮಾರಿಗೆ ಭೂಮಿ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಗಣಕೀಕೃತವಾಗಿ, 15 ರೂಪಾಯಿಗೆ ತಾಲೂಕು ಕೇಂದ್ರದಲ್ಲಿ ಉತಾರೆ ಸಿಗತೊಡಗಿದಾಗ, ಆ ಕಿಂಡಿಗಳಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನು ಇಟ್ಟರು. ಒಳಗಿನವನು ಏನು ಮಾಡುತ್ತಿರುವನೆಂಬುದು ಹೊರಗಿನವನಿಗೂ ಕಾಣಿಸಬೇಕೆಂಬುದು ಅದರ ಉದ್ದೇಶ. ನುಡಿ ತಂತ್ರಾಂಶದಲ್ಲಿರುವ ಕೆ. ಪಿ. ರಾವ್ ಅವರ ಕೀಲಿಮಣೆಯೂ ಅಂಥದೇ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿಯೇ ನಮ್ಮ ವರ್ಣಮಾಲೆಯನ್ನೆಲ್ಲ ಕೂಡಿಸಿ, ಒತ್ತಕ್ಷರಕ್ಕೆ ಎಫ್ ಕೀಲಿಯೊಂದನ್ನು ಸೇತುವೆ ಮಾಡಿದರು. ಅಮ್ಮ ಎಂದು ಬರೆಯಲು ನಾಲ್ಕೇ ಒತ್ತು. ನಮ್ಮ ಏಳನೆಯ ವರ್ಗದ ಹುಡುಗಿಯರು ಅರ್ಧ ತಾಸಿನಲ್ಲಿ ಕಲಿತರು. ನನಗೆ ಒಂದು ವಾರ ಹಿಡಿಯಿತು.

ಈಗ ಯಂತ್ರವೇ ಪರದೆಗಳನ್ನು ಚಿತ್ರಿಸಿಕೊಡುವದೆಂದು ಗಣಿತದ ಸಹೋದ್ಯೋಗಿಯೊಬ್ಬರು ನನ್ನೊಡನೆ ವಾದಿಸಿದರು. ಚಿತ್ರಿಸಲಿ. ಅಡಿಗೆಯವಳ ಬೆರಳು ನಾಲ್ಕನೆಯ ಚೀಟಿಯಲ್ಲಿ ಯಾಕೆ ನಿಂತಿತೆಂದು ಅವಳ ಪಕ್ಕದಲ್ಲಿ ಕೂತು ನೋಡುವದಕ್ಕೆ ಯಾರಾದರೂ ಬೇಕಷ್ಟೆ?

ಮಾರ್ಗವು ಸುಲಭವೆಂದು ನಾನು ಹೇಳಲಾರೆನು. ಐ.ಐ.ಟಿ.ಗಳ ಡಿಸೈನ್ ಪದವಿಗೆ ಯುಸೀಡ್ ಎಂಬ ಪ್ರವೇಶ ಪರೀಕ್ಷೆಯುಂಟು; ಅದಕ್ಕೆ ಕಲಾ ವಿಭಾಗದವರೂ ಕೂಡ್ರಬಹುದು, ಆದರೆ ಪ್ರಶ್ನೆಗಳು ಇಂಗ್ಲಿಷಿನಲ್ಲಿರುವವು. ಅದರಲ್ಲಿ ಕೈಯಿಂದ ಚಿತ್ರ ಬರೆಯುವ ಭಾಗವೂ ಉಂಟು, ನಾನು ವೇಳಾಪತ್ರಿಕೆಯಿಂದ ತೆಗೆದುಹಾಕಿದ್ದು ಅದನ್ನೇ. ಖಾಸಗಿ ಸಂಸ್ಥೆಗಳ ಶುಲ್ಕವು ನಮ್ಮ ಬಹುತೇಕ ಪಾಲಕರ ಶಕ್ತಿಯನ್ನು ಮೀರಿದ್ದು. ಸಾಲ ಮಾಡಿ ಕಳುಹಿಸಿರೆಂದು ನಾನು ಯಾರಿಗೂ ಹೇಳೆನು. ಇನ್ನೊಂದು ತೊಡಕನ್ನು ನನ್ನ ವಿದ್ಯಾರ್ಥಿನಿಯೇ ಹೇಳಿದಳು. ಮೊದಲನೆಯ ವರ್ಷದಲ್ಲಿ ಗೋಡೆಯ ಮುಂದೆ ನಿಂತಾಗ, ಅವಳ ಕೆಲಸವನ್ನಲ್ಲ, ಅವಳ ಇಂಗ್ಲಿಷನ್ನು ಕೆಲವರು ವಿಮರ್ಶಿಸಿದರಂತೆ. ಎರಡು ತಿಂಗಳು ಬಾಯಿ ತೆರೆಯಲಿಲ್ಲವಂತೆ. ಸ್ಟುಡಿಯೋ ಪದ್ಧತಿಯನ್ನು ಹೊಗಳುವವರು ಇದನ್ನೂ ಹೇಳತಕ್ಕದ್ದು. ಮಾತು ಬಲ್ಲವರಿಗೆ ಅಲ್ಲಿ ಅರ್ಧ ಗೆಲುವು ಮೊದಲೇ ಸಿಕ್ಕಿರುವದು. ಆದಕಾರಣ, ತನ್ನ ಕೆಲಸದ ಮುಂದೆ ನಿಂತು ಸಮರ್ಥಿಸುವದನ್ನೂ, ಟೀಕೆಯನ್ನು ಕೇಳಿ ಅಳದೆ ತಿದ್ದುವದನ್ನೂ ನಾವು ಇಲ್ಲಿಯೇ, ಕನ್ನಡದಲ್ಲಿಯೇ, ಹದಿಮೂರನೆಯ ವಯಸ್ಸಿಗೇ ರೂಢಿ ಮಾಡಿಸಬೇಕು.

ಬರುವ ಜೂನ್ ತಿಂಗಳಿಂದ ಶುಕ್ರವಾರದ ಕೊನೆಯ ಎರಡು ತಾಸುಗಳು ಎಂಟರಿಂದ ಹತ್ತರ ವರೆಗಿನ ವರ್ಗಗಳಿಗೆ ಚಿತ್ರಕಲೆಗೂ ಹೊಲಿಗೆಗೂ ಹಿಂದಿರುಗುವವು. ಕಸೂತಿಯನ್ನು ಹಾಕಿದ ಬಟ್ಟೆಯನ್ನಾಗಲಿ ಬರೆದ ಚಿತ್ರವನ್ನಾಗಲಿ ಗೋಡೆಗೆ ಅಂಟಿಸಿ, ಪ್ರತಿ ಹುಡುಗಿಯೂ ಅದರ ಕುರಿತು ಐದು ನಿಮಿಷ ಮಾತಾಡುವಳು. ಮೊದಲನೆಯ ಶುಕ್ರವಾರ ಗೋಡೆಗೆ ಅಂಟಿಸುವದು ನಮ್ಮ ಶಾಲೆಯ ಪ್ರವೇಶ ಅರ್ಜಿಯನ್ನು; ಅದನ್ನು ರೂಪಿಸಿದವಳು ನಾನಾದ್ದರಿಂದ ಟೀಕೆಯನ್ನು ಕೇಳುವವಳೂ ನಾನೇ. ಕಾಗದಕ್ಕೆ ಹಣವಿಲ್ಲದ ಕಾರಣ, ಪಾಲಕರು ಹಳೆಯ ಗೋಡೆ ಪಂಚಾಂಗಗಳನ್ನು ಎಸೆಯದೆ ಮಕ್ಕಳ ಕೈಯಲ್ಲಿ ಕಳುಹಿಸಬೇಕು, ಒಂದು ಬದಿ ಬಿಳಿಯದಿದ್ದರೆ ಸಾಕು.