ಬೆಂಚಿನ ಮೇಲೆ ಕೂತವರು

ಬೇಸಿಗೆ ರಜೆ ಬಂತೆಂದರೆ ನಮ್ಮ ಮನೆತನದ ಮಕ್ಕಳೆಲ್ಲ ಸೇರುವುದು ಅಜ್ಜಂಪುರದ ನಾದಿನಿಯ ಮನೆಯಲ್ಲಿ. ಕಡೂರಿನಿಂದ ನನ್ನ ಇಬ್ಬರು, ತರೀಕೆರೆಯಿಂದ ಮೈದುನನ ಮಗ, ಅಲ್ಲಿಯ ಮೂವರು. ಒಟ್ಟು ಆರು ಮಂದಿ, ಅರವತ್ತು ಮಂದಿಯ ಗಲಾಟೆ! ಈ ಸಲ ಅವರು ಹೊಸದೊಂದು ಆಟ ಹೂಡಿದ್ದರು. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ನಕ್ಷೆ ಬಿಡಿಸುವ ಆಟ.

ಕಾರಣವಿಷ್ಟೆ. ಕಳೆದ ದಸರಾ ರಜೆಯಲ್ಲಿ ನಾವೆಲ್ಲ ಒಂದು ವ್ಯಾನ್ ಮಾಡಿಕೊಂಡು ಥೀಮ್ ಪಾರ್ಕೊಂದಕ್ಕೆ ಹೋಗಿ ಬಂದಿದ್ದೆವು. ಇಂಥ ಪಾರ್ಕುಗಳು ನಮಗೀಗ ಹೊಸತಲ್ಲ. ಮೈಸೂರಿನಲ್ಲಿ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ, ಬಿಡದಿ ಬಳಿ 2005ರಲ್ಲಿ ಶುರುವಾದ ವಂಡರ್‌ಲಾ ಇದೆ. ನಾವು ಹೋದ ಕಡೆ ಕೋಟೆ, ರಾಕ್ಷಸ, ಮಾತಾಡುವ ಮರ ಎಂದು ಒಂದು ಮಾಯಾಲೋಕದ ಮೂಲೆಯಿತ್ತು. ಅದು ತೀರಾ ಸಣ್ಣದಾಯಿತು ಎಂಬುದು ಮಕ್ಕಳ ದೂರು. ಹಾಗಾದರೆ ಅದನ್ನು ದೊಡ್ಡದು ಮಾಡಲು ಏನೇನು ಸೇರಿಸಬೇಕು? ಇದೇ ಆಟ.

ಅಜ್ಜಂಪುರದ ಹುಡುಗ ಹಾರುವ ಎತ್ತುಗಳನ್ನು ಬಿಡಿಸಿದ. ಅವನ ಊರಿನಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆಯಲ್ಲ. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳಿಗೆ ಅಮೃತ ಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಸೈನ್ಯದ ಸಾಮಾನು ಎಳೆದ ಎತ್ತುಗಳು ಈಗ ಮಕ್ಕಳನ್ನು ಎಳೆಯಲಿ ಎಂಬುದು ಅವನ ವಾದ. ತರೀಕೆರೆಯವನು ಪುಟ್ಟ ರೈಲೊಂದನ್ನು ಬಿಡಿಸಿದ. ಒಂದು ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ದಾರಿಯಲ್ಲಿ ಎರಡೇ ಅಡಿ ಅಗಲದ ಹಳಿಯ ಮೇಲೆ ರೈಲು ಓಡುತ್ತಿತ್ತು. ಆ ರೈಲು ಎಂದೋ ನಿಂತುಹೋಯಿತು. ಇವನ ಹಾಳೆಯಲ್ಲಿ ಮತ್ತೆ ಹೊಗೆ ಬಿಟ್ಟಿತು. ಕಡೂರಿನ ನನ್ನ ಮಗನೋ, ಒಂದು ದೊಡ್ಡ ಕೆರೆ ಬರೆದು ಪೂರ್ತಿ ನೀಲಿ ಬಳಿದ. "ಇದೇನೋ?" ಎಂದೆ. "ಮದಗದ ಕೆರೆ ಅಮ್ಮಿ. ಇದು ಬೇಸಿಗೆಯಲ್ಲೂ ಬತ್ತೋದಿಲ್ಲ" ಎಂದ. ಬರ ಕಂಡ ಊರಿನ ಮಕ್ಕಳಿಗೆ ತುಂಬಿದ ಕೆರೆಗಿಂತ ದೊಡ್ಡ ಮಾಯಾಲೋಕ ಬೇಕೆ?

ನನ್ನ ಮಗಳ ಹಾಳೆಯ ಮುಂದೆ ಮಾತ್ರ ನಾನು ನಿಂತುಬಿಟ್ಟೆ. ಅವಳಿಗೆ ಈಗ ಹನ್ನೆರಡು ತುಂಬಿದೆ. ರೆಕ್ಕೆಯಿರುವ ಒಂದು ಕುದುರೆ, ಬೆನ್ನ ಮೇಲೆ ಮೂರು ಆಸನ. ದಾದಿಮಾ, ಅಮ್ಮಿ, ತಾನು. ಕೆಳಗೆ ಒಂದು ಬೆಂಚು. ಬೆಂಚಿನ ಮೇಲೆ ಚೀಲಗಳು ಮಾತ್ರ ಕೂತಿವೆ.

ಆ ಬೆಂಚನ್ನು ನಾನು ಬಲ್ಲೆ. ಅಂದು ಪಾರ್ಕಿನಲ್ಲಿ ಅತ್ತೆ ಮತ್ತು ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಎಲ್ಲರ ಚೀಲ, ಚಪ್ಪಲಿ, ನೀರಿನ ಬಾಟಲಿ ಕಾಯುತ್ತಾ ಅಂಥದ್ದೇ ಬೆಂಚಿನ ಮೇಲೆ ಕೂತಿದ್ದೆವು. ಗಂಡಸರು, ಮಕ್ಕಳು ಆಟಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು. ನಮಗದು ರೂಢಿ. ಆದರೆ ಮಧ್ಯಾಹ್ನದ ಹೊತ್ತಿಗೆ ಮಗಳೂ ಬಂದು ನಮ್ಮ ಪಕ್ಕ ಕೂತಳು. ಹಿಂದಿನ ವರ್ಷದವರೆಗೆ ಜಾತ್ರೆಯ ತೊಟ್ಟಿಲಿನಿಂದ ಇಳಿಯಲು ಒಪ್ಪದ ಹುಡುಗಿ! "ಯಾಕಮ್ಮಾ?" ಎಂದರೆ, "ಇನ್ನು ದೊಡ್ಡವಳಾದೆ, ಕುಣಿಯೋದು ಸಾಕು ಅಂದ್ರು" ಎಂದಳು. ಹಾಗೆಂದವರು ಯಾರೆಂದು ನಾನು ಕೇಳಲಿಲ್ಲ. ಮನೆಯ ಯಾರೋ ಹಿರಿಯರು, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ನಾನೂ ಎದ್ದು ಅವಳ ಕೈ ಹಿಡಿದು ಕರೆದೊಯ್ಯಲಿಲ್ಲ. ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟೆ, ಅಷ್ಟೆ. ಈ ಸರಿದು ಕೂತದ್ದೇ ಈಗ ನನ್ನನ್ನು ಚುಚ್ಚುತ್ತಿದೆ.

ಚಿತ್ರ ನೋಡಿದ ನಾದಿನಿ, "ಕುದುರೆಗೆಲ್ಲ ರೆಕ್ಕೆ ಇರುತ್ತಾ? ಇಂಥದ್ದೆಲ್ಲ ನಮಗೆ ಯಾಕೆ?" ಎಂದು ಹುಬ್ಬು ಗಂಟಿಕ್ಕಿದರು. ಆಗ ಮಾತಾಡಿದವರು ತಸ್ಬೀಹ್ ಹಿಡಿದು ಮೂಲೆಯಲ್ಲಿ ಕೂತಿದ್ದ ನಮ್ಮ ಅತ್ತೆ. ಅಬೂದಾವೂದ್‌ನಲ್ಲಿ ಬರುವ ಪ್ರಸಂಗವನ್ನು ಅವರು ಮಕ್ಕಳಿಗೆ ಹೇಳಿದರು. ಪ್ರವಾದಿ ಮುಹಮ್ಮದ್(ಸ)ರು ಯುದ್ಧಯಾತ್ರೆಯೊಂದರಿಂದ ಮನೆಗೆ ಮರಳಿದ್ದರು. ಗಾಳಿಗೆ ಪರದೆ ಸರಿದು ಹಝ್ರತ್ ಆಯಿಶಾ(ರ)ರ ಗೊಂಬೆಗಳು ಕಂಡವು. ನಡುವೆ ಒಂದು ಕುದುರೆ, ಅದಕ್ಕೆ ಬಟ್ಟೆ ಚೂರಿನ ಎರಡು ರೆಕ್ಕೆ. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿ(ಸ)ರು ಕೇಳಿದರು. ಸುಲೈಮಾನ್(ಅ)ರಲ್ಲಿ ರೆಕ್ಕೆಯ ಕುದುರೆಗಳಿದ್ದವೆಂದು ತಾವು ಕೇಳಿಲ್ಲವೇ ಎಂದು ಆಯಿಶಾ(ರ) ಮರುಪ್ರಶ್ನೆ ಹಾಕಿದರು. ಪ್ರವಾದಿ(ಸ)ರು ದವಡೆ ಹಲ್ಲು ಕಾಣುವಷ್ಟು ನಕ್ಕರು. ಗದರಲಿಲ್ಲ, ಗೊಂಬೆ ಕಿತ್ತುಕೊಳ್ಳಲಿಲ್ಲ. ನಾದಿನಿಯ ಹುಬ್ಬೂ ಸಡಿಲವಾಯಿತು.

ಬೆಂಚಿನ ವಿಷಯಕ್ಕೆ ಬರೋಣ. ಅಮೆರಿಕದ ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದನಂತೆ. ಮಕ್ಕಳು ಮರಗುದುರೆಯ ಮೇಲೆ ಸುತ್ತುವಾಗ ಈತ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದ. ಹೆತ್ತವರೂ ಮಕ್ಕಳೂ ಕೂಡಿ ಆಡುವ ಜಾಗವೊಂದು ಬೇಕೆಂದು ಅಲ್ಲೇ ಅವನಿಗೆ ಹೊಳೆಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡ್‌ನಲ್ಲಿ ಫ್ಯಾಂಟಸಿಲ್ಯಾಂಡ್ ಎಂಬ ಭಾಗ ಮೊದಲ ದಿನದಿಂದಲೇ ಇತ್ತು. ಇಂಥ ಮಾಯಾಲೋಕಗಳು ಈಗಲೂ ಬೆಳೆಯುತ್ತಲೇ ಇವೆ. 2024ರ ಜೂನ್‌ನಲ್ಲಿ ಜಪಾನಿನ ಟೋಕಿಯೋ ಡಿಸ್ನಿಸೀಯಲ್ಲಿ ಫ್ಯಾಂಟಸಿ ಸ್ಪ್ರಿಂಗ್ಸ್ ಎಂಬ ಹೊಸ ಭಾಗವೇ ತೆರೆಯಿತು. ಇಷ್ಟಕ್ಕೆಲ್ಲ ಮೂಲ ಬೆಂಚಿನ ಮೇಲೆ ಬೇಸತ್ತು ಕೂತ ಒಬ್ಬ ತಂದೆ! ನಾವು ತಾಯಂದಿರು ಎಷ್ಟು ಬೆಂಚುಗಳ ಮೇಲೆ ಕೂತಿಲ್ಲ? ನಮಗೇಕೆ ಏನೂ ಹೊಳೆಯಲಿಲ್ಲ?

ಪರ್ದಾ, ಹಯಾ ನಮ್ಮ ಗೌರವ. ಅದನ್ನು ಬಿಟ್ಟು ಆಡಬೇಕೆಂದು ನಾನು ಹೇಳುತ್ತಿಲ್ಲ. ಗಂಡು ಹೆಣ್ಣು ಒಟ್ಟಾಗಿ ಇಳಿಯುವ ನೀರಿನ ಕೊಳ ನಮಗೆ ಬೇಡವೇ ಬೇಡ. ಆದರೆ ತೊಟ್ಟಿಲಿದೆ, ಪುಟ್ಟ ರೈಲಿದೆ, ದೋಣಿಯಿದೆ. ಅದಕ್ಕೆ ಬುರ್ಖಾ ಅಡ್ಡಿಯಲ್ಲ, ಸೆರಗು ಭದ್ರವಾಗಿ ಸಿಕ್ಕಿಸಿಕೊಂಡರೆ ಸಾಕು. ಹತ್ತು ಮನೆಯವರು ಸೇರಿ ಹೆಣ್ಣುಮಕ್ಕಳಷ್ಟೇ ಹೋಗಬಹುದು. ಮಹಿಳೆಯರಿಗೆಂದೇ ಒಂದು ದಿನ, ನಮಾಝಿಗೆ ಒಂದು ಕೋಣೆ ಬೇಕೆಂದು ಪಾರ್ಕಿನವರನ್ನು ಕೇಳಬಹುದು. ಕೇಳದೆ ಯಾರು ಕೊಡುತ್ತಾರೆ?

ಗಂಡಸರಿಗೂ ಒಂದು ಮಾತು. ಈದ್ ದಿನ ಮಸೀದಿಯಲ್ಲಿ ಅಬಿಸೀನಿಯಾದವರು ಭರ್ಜಿಯಾಟ ಆಡುವಾಗ ಪ್ರವಾದಿ(ಸ)ರು ಆಯಿಶಾ(ರ)ರಿಗೆ ಮರೆಯಾಗಿ, ಆಕೆಗೆ ಸಾಕೆನಿಸುವವರೆಗೂ ನಿಂತೇ ಇದ್ದರೆಂದು ಬುಖಾರಿಯಲ್ಲಿದೆ. ಅವರೇ ಅಷ್ಟು ಹೊತ್ತು ನಿಂತಿರುವಾಗ ನಮ್ಮವರು ಒಂದು ಗಂಟೆ ಚೀಲ ಕಾಯಲಾರರೇ? ಇದನ್ನು ನಮ್ಮವರಿಗೆ ಓದಿ ಹೇಳಿದೆ. ನಕ್ಕು, "ಆಯ್ತು, ಮುಂದಿನ ಸಲ ಬೆಂಚು ನನಗೆ" ಎಂದರು.

ಮಗಳ ಆ ಹಾಳೆಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೇನೆ. ಬರುವ ದಸರಾ ರಜೆಯಲ್ಲಿ ಇನ್‌ಶಾ ಅಲ್ಲಾಹ್ ಮತ್ತೆ ಹೊರಡುತ್ತೇವೆ. ರೆಕ್ಕೆಯ ಕುದುರೆ ಅಲ್ಲಿ ಸಿಗಲಿಕ್ಕಿಲ್ಲ. ಮರಗುದುರೆಯಂತೂ ಇದ್ದೇ ಇರುತ್ತದೆ. ನಾನು ಮೊದಲು ಹತ್ತುತ್ತೇನೆ. ನಾನು ಹತ್ತಿದರೆ ಅವಳೂ ಬೆಂಚಿನಿಂದ ಏಳುತ್ತಾಳೆ.