ಎರಡೂಮುಕ್ಕಾಲು ಗಂಟೆಯ ಸುಳ್ಳು

ದಿಲ್ಲಿಯಲ್ಲಿ ನಾಲ್ವರು ಕನ್ನಡಿಗರು ಸೇರಿದರೆ ಒಂದು ಮಾತು ಬಂದೇ ಬರುತ್ತದೆ: "ಬೆಂಗಳೂರು ಏನು ಮಹಾ ದೂರ ಸ್ವಾಮಿ! ವಿಮಾನ ಹತ್ತಿದರೆ ಎರಡೂಮುಕ್ಕಾಲು ಗಂಟೆ." ಈ ಮಾತನ್ನು ನಾವೂ ಆಡಿದ್ದೇವೆ. ಇನ್ನು ಆಡುವುದಿಲ್ಲ. ನೀವೂ ಆಡಬೇಡಿ ಎಂದು ಕೇಳುವುದಕ್ಕೇ ಈ ಬರಹ.

ಮೊದಲು ಲೆಕ್ಕ. ಬಿ.ಎಸ್ಸಿ. ಮುಗಿಸಿ ಗುಮಾಸ್ತಿಕೆಗೆ ಬಂದ ನಮಗೆ ಇಷ್ಟಾದರೂ ನೆನಪಿದೆ. ಪಾಲಂ ಹಾಗೂ ದೇವನಹಳ್ಳಿ ಎರಡೂ 77 ಡಿಗ್ರಿ ರೇಖಾಂಶದ ಆಸುಪಾಸಿನಲ್ಲಿವೆ. ಅಕ್ಷಾಂಶದ ಅಂತರ 15 ಡಿಗ್ರಿಗೆ ತುಸು ಹೆಚ್ಚು. ಡಿಗ್ರಿಗೆ 111 ಕಿ.ಮೀ.ನಂತೆ ಸುಮಾರು 1,700 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗಕ್ಕೆ ಎರಡು ಗಂಟೆ ಚಿಲ್ಲರೆ. ಮಿಕ್ಕದ್ದು ಓಡುದಾರಿಗೆ ಉರುಳಲು, ಏರಲು, ಇಳಿಯಲು, ಸರದಿ ಕಾಯಲು. ವೇಳಾಪಟ್ಟಿಯ ಎರಡೂಮುಕ್ಕಾಲು ಗಂಟೆ ಎಂದರೆ ವಿಮಾನ ಅಲ್ಲಿ ಹೊರಟು ಇಲ್ಲಿ ನಿಲ್ಲುವವರೆಗೆ. ಅದು ವಿಮಾನದ ಪ್ರಯಾಣ, ನಮ್ಮದಲ್ಲ.

ನಮ್ಮದು ಹಾಸನದ ಕಡೆಯ ಹಳ್ಳಿ. ಮನೆಯಿಂದ ಪಾಲಂಗೆ ಒಂದು ಗಂಟೆ. ಎರಡು ಗಂಟೆ ಮೊದಲೇ ಹೋಗಿ ಕಾಯುವುದು. ವಿಮಾನ ಎರಡೂಮುಕ್ಕಾಲು. ಪೆಟ್ಟಿಗೆಗೆ ಅರ್ಧ ಗಂಟೆ. ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಒಂದೂವರೆ. ಬಸ್ಸಿಗೆ ಕಾಯಲು ಅರ್ಧ. ಹಾಸನಕ್ಕೆ ನಾಲ್ಕು, ಅಲ್ಲಿಂದ ಹಳ್ಳಿಗೆ ಒಂದು. ಒಟ್ಟು ಹದಿಮೂರೂಕಾಲು ಗಂಟೆ! ಆಕಾಶದ ಪಾಲು ಐದರಲ್ಲಿ ಒಂದು. 2008ರ ಮೇ ತಿಂಗಳವರೆಗೆ ನಿಲ್ದಾಣ ಎಚ್.ಎ.ಎಲ್.ನಲ್ಲಿ, ಊರೊಳಗೇ ಇತ್ತು. ಆಕಾಶದ ದೂರ ಅಂದಿನಷ್ಟೇ ಇದೆ, ಬೆಳೆದದ್ದು ನೆಲದ ದೂರ.

ಲೆಕ್ಕ ತಪ್ಪಿದರೆ ಏನಾಗುತ್ತದೆಂದು ನಾವು ಕಂಡಿದ್ದೇವೆ. ದೊಡ್ಡಪ್ಪ ತೀರಿಕೊಂಡ ಸುದ್ದಿ ಬೆಳಿಗ್ಗೆ ಆರಕ್ಕೆ ಬಂತು. ಏಳಕ್ಕೆ ಮನೆ ಬಿಟ್ಟೆವು. "ವಿಮಾನದಲ್ಲಿ ತಾನೇ, ಮಧ್ಯಾಹ್ನಕ್ಕೆ ಬಂದುಬಿಡುತ್ತಾರೆ" ಎಂದು ಊರವರು ನಾಲ್ಕರವರೆಗೆ ಕಾದು, ಕಾರ್ಯ ಮುಗಿಸಿದರು. ನಾವು ಹೊಸಲು ತುಳಿದದ್ದು ರಾತ್ರಿ ಎಂಟೂಕಾಲಿಗೆ. "ದಿಲ್ಲಿಯವರಿಗೆ ಪುರುಸೊತ್ತಾಗಲಿಲ್ಲ" ಎಂದರು ದೊಡ್ಡಮ್ಮ. ಆ ಎರಡೂಮುಕ್ಕಾಲು ಗಂಟೆಯನ್ನು ಅವರಿಗೆ ಹೇಳಿಕೊಟ್ಟವರು ಯಾರು? ರಜೆಗೆ ಹೋದಾಗಲೆಲ್ಲ ಜಗಲಿಯ ಮೇಲೆ ಕುಳಿತು ಜಂಭ ಕೊಚ್ಚಿದ ನಾವೇ.

"ರೈಲಿಗಿಂತ ವಾಸಿಯಲ್ಲವೆ?" ಎಂದು ಕೆಲವರು ಕೇಳಬಹುದು. ವಾಸಿ, ಒಪ್ಪಿದೆವು. ಸುಮಾರು 2,400 ಕಿ.ಮೀ. ರೈಲು ಹಾದಿಯಲ್ಲಿ ಎರಡು ರಾತ್ರಿ ಕಳೆದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ರೈಲಿನ ದೂರವನ್ನು ನಾವು ದೂರವೆಂದೇ ತಿಳಿದಿದ್ದೆವು. ಎಲ್.ಟಿ.ಸಿ. ಬಂದೊಡನೆ ಟಿಕೆಟ್ಟು ತೆಗೆಸಿ, ಊರಿಗೆ ಕಾಗದ ಬರೆದು, ಹದಿನೈದು ದಿನ ಇದ್ದು ಬರುತ್ತಿದ್ದೆವು. ಈಗ? "ಹೇಗೂ ಹತ್ತಿರ, ಯಾವಾಗ ಬೇಕಾದರೂ ಹೋಗಬಹುದು" ಎನ್ನುತ್ತೇವೆ. ಯಾವಾಗ ಬೇಕಾದರೂ ಹೋಗಬಹುದಾದ ಊರಿಗೆ ನಾವು ಹೋಗುವುದೇ ಇಲ್ಲ. ಅವಸರಕ್ಕೆ ಹೊರಟರೆ ಟಿಕೆಟ್ಟಿನ ದರ ಗುಮಾಸ್ತನ ಸಂಬಳವನ್ನು ಅಣಕಿಸುತ್ತದೆ.

ದೇವನಹಳ್ಳಿಯಿಂದ ಮೈಸೂರಿಗಿರುವಂಥ ನೇರ ಬಸ್ಸು ಪ್ರತಿ ಜಿಲ್ಲೆಗೂ ಬೇಕೆಂದು ನಮ್ಮ ಸಂಘಗಳು ಕೇಳಲಿ. ಅದಕ್ಕೂ ಮೊದಲು ಊರಿನ ಹಿರಿಯರಿಗೆ ನಿಜ ಹೇಳೋಣ: ನಾವಿರುವುದು ಹದಿಮೂರು ಗಂಟೆ ದೂರದಲ್ಲಿ. ದೂರವನ್ನು ಒಪ್ಪಿಕೊಂಡವನು ಬೇಗ ಹೊರಡುತ್ತಾನೆ.