ಬಾಣಂತನಕ್ಕೆ ಹೊರಟವರು

ಅಂಟುರೋಗದ ಕಾಲದಲ್ಲಿ ದೂರದಿಂದ ಬಂದವರನ್ನು ನಾಲ್ಕು ದಿನ ಬೇರೆ ಇರಿಸುವುದು ತಪ್ಪೆಂದು ನಾನು ಹೇಳಲಾರೆ. ಪುರುಡು, ಸೂತಕ ಎಂದು ಹತ್ತು ದಿನ ಮೂಲೆಯಲ್ಲಿ ಕೂತು ಬಂದ ನಮಗೆ ಕ್ವಾರಂಟೈನ್ ಹೊಸ ಪಾಠವೇನಲ್ಲ. ಕೋವಿಡ್ ಹೆಸರಿನಲ್ಲಿ ಪಾಸ್‌ಪೋರ್ಟ್ ನೋಡಿ ಮಣೆ ಹಾಕಿದರಲ್ಲ, ನನ್ನ ತಕರಾರು ಅದರ ಬಗ್ಗೆ.

2021ರ ಸಂಗತಿಯನ್ನೇ ನೋಡಿ. ಏಪ್ರಿಲ್ 23ರಂದು ಬ್ರಿಟನ್ ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿತು. ಅಲ್ಲಿನ ಪೌರರು, ವಾಸದ ಹಕ್ಕಿದ್ದವರು 1,750 ಪೌಂಡ್ ತೆತ್ತು, ಹತ್ತು ದಿನ ಹೋಟೆಲಿನಲ್ಲಿದ್ದು ಒಳಗೆ ಹೋಗಬಹುದಿತ್ತು. ಮಗಳ ಬಾಣಂತನಕ್ಕೆ ಹೊರಟ ತಾಯಿಗೆ ಬಾಗಿಲೇ ಮುಚ್ಚಿತು. ಆಗ ಎರಡನೆಯ ಅಲೆ, ಅದನ್ನೂ ಒಪ್ಪೋಣ. ಆದರೆ ಜೂನ್ ಕೊನೆಗೆ ಇಂಗ್ಲೆಂಡ್ ಏನು ಮಾಡಿತು? ಕೆಂಪು ಪಟ್ಟಿಯಲ್ಲಿಲ್ಲದ ದೇಶಗಳಿಂದ ಬರುವ ದೊಡ್ಡ ಕಂಪನಿಗಳ ಮುಖ್ಯಸ್ಥರು, ದೇಶಕ್ಕೆ ಭಾರಿ ಲಾಭ ತರುವ ವ್ಯವಹಾರವಿದ್ದರೆ, ಕ್ವಾರಂಟೈನಿನ ನಡುವೆಯೇ ಹೊರಬಂದು ಅದನ್ನು ಮುಗಿಸಿಕೊಳ್ಳಬಹುದು ಎಂದಿತು. ವೈರಾಣು ಕೋಟು ಟೈ ಕಂಡರೆ ಹೆದರುತ್ತದೆಯೇ? ಹಸಿ ಬಾಣಂತಿಗೆ ಎಣ್ಣೆನೀರು ಎರೆದು, ಕೂಸನ್ನು ಕಾಲ ಮೇಲೆ ಮಲಗಿಸಿ ಮೀಸುವ ಕೆಲಸವನ್ನು ಯಾವ ಸರ್ಕಾರವೂ ಲಾಭದ ಲೆಕ್ಕಕ್ಕೆ ಬರೆದುಕೊಂಡಿದ್ದು ನಾನು ಕಾಣೆ.

ಆಗಸ್ಟ್ 8ಕ್ಕೆ ಕೆಂಪು ಪಟ್ಟಿಯಿಂದ ಬಿಡುಗಡೆಯಾಯಿತು. ಸೆಪ್ಟೆಂಬರಿನಲ್ಲಿ ಹೊಸ ರಾಗ: ಅಕ್ಟೋಬರ್ 4ರಿಂದ, ಭಾರತದಲ್ಲಿ ಎರಡು ಸಲ ಲಸಿಕೆ ಹಾಕಿಸಿಕೊಂಡವರೂ ಹಾಕಿಸಿಕೊಳ್ಳದವರಿಗೆ ಸಮ, ಹತ್ತು ದಿನ ಕ್ವಾರಂಟೈನ್. ಪುಣೆಯ ಸೀರಂ ಸಂಸ್ಥೆಯಿಂದ ಅದೇ ಲಸಿಕೆಯ 50 ಲಕ್ಷ ಡೋಸುಗಳನ್ನು ಆ ವರ್ಷದ ಮಾರ್ಚಿನಲ್ಲಿ ಬ್ರಿಟನ್ನೇ ತರಿಸಿಕೊಂಡಿತ್ತು! ಗದ್ದಲವಾದ ಮೇಲೆ, ಲಸಿಕೆ ಸರಿ, ಸರ್ಟಿಫಿಕೇಟು ಸಾಲದು ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

ನಮ್ಮ ಸರ್ಕಾರವೂ ಸುಮ್ಮನಿರಲಿಲ್ಲ. ಅದೇ ದಿನದಿಂದ, ಬ್ರಿಟನ್ನಿನಿಂದ ಬರುವ ಅಲ್ಲಿನ ಪೌರರಿಗೆಲ್ಲ, ಲಸಿಕೆ ಆಗಿದ್ದರೂ, ಹತ್ತು ದಿನ ಎಂದಿತು. ಚಪ್ಪಾಳೆ ತಟ್ಟಿದವರು ಬಹಳ. ಪ್ರವಾಸಿ ವೀಸಾ ಇನ್ನೂ ಶುರುವಾಗದಿದ್ದ ಆ ದಿನಗಳಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಇಲ್ಲಿಗೆ ಬರುತ್ತಿದ್ದವರಾದರೂ ಯಾರು? ತಾಯಿಯ ಕಾಯಿಲೆಗೆ, ತಂದೆಯ ತಿಥಿಗೆ ಓಡಿ ಬರುವ ನಮ್ಮ ಮಕ್ಕಳಲ್ಲವೇ? ಸೇಡಿನ ಪೆಟ್ಟು ಅವರ ಬೆನ್ನಿಗೂ ಬಿತ್ತು.

ಇಷ್ಟೆಲ್ಲ ಆರ್ಭಟ ಎಷ್ಟು ದಿನ? ಅಕ್ಟೋಬರ್ 11ಕ್ಕೆ ಅವರು ಕೋವಿಶೀಲ್ಡ್‌ನವರಿಗೆ ಕ್ವಾರಂಟೈನ್ ತೆಗೆದರು, 13ಕ್ಕೆ ನಾವೂ ಹಿಂದೆಗೆದೆವು. ಆ ಒಂದು ವಾರದಲ್ಲಿ ವೈರಾಣು ಏನು ಬದಲಾಯಿತೆಂದು ಯಾರೂ ಹೇಳಲಿಲ್ಲ. ಲಸಿಕಾ ಕೇಂದ್ರಕ್ಕೆ ಅಂದು ಬಂದಿದ್ದ ಕೋವ್ಯಾಕ್ಸಿನ್ ಹಾಕಿಸಿಕೊಂಡ ತಾಯಂದಿರು ಮಾತ್ರ ನವೆಂಬರ್ 22ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರ ಮೊಬೈಲಿನಲ್ಲೇ ಮುಗಿದಿತ್ತು.